ಬಿದನೂರು: ಒಂದು ರಾಜಧಾನಿಯ ನೆಲ, ಚರಿತ್ರೆ ಮತ್ತು ಜನಸಂಖ್ಯೆ

ಭೂಗೋಳದ ಪಾಠದಲ್ಲಿ ನಮ್ಮ ವಿದ್ಯಾರ್ಥಿಗಳು ದೇಶದೇಶಗಳ ರಾಜಧಾನಿಗಳನ್ನು ಕಂಠಪಾಠ ಮಾಡುತ್ತಾರೆ. ಅಮೆರಿಕದ ಐವತ್ತು ಸಂಸ್ಥಾನಗಳಿಗೆ ಐವತ್ತು ರಾಜಧಾನಿಗಳುಂಟೆಂದು ತಿಳಿದು ಬೆರಗಾಗುತ್ತಾರೆ. ಅವುಗಳಲ್ಲಿ ವರ್ಮಾಂಟ್ ಸಂಸ್ಥಾನದ ರಾಜಧಾನಿಯಾದ ಮಾಂಟ್‌ಪೀಲಿಯರ್ ಎಂಬ ಊರಿನ ಜನಸಂಖ್ಯೆ 2020ರ ಗಣತಿಯಂತೆ ಕೇವಲ 8,074. ನಮ್ಮ ಸೀಮೆಯ ಒಂದು ದೊಡ್ಡ ಗ್ರಾಮಕ್ಕೆ ಸಮನಾದ ಈ ಊರು 1805ರಿಂದ ಇಂದಿನವರೆಗೂ ಅವಿಚ್ಛಿನ್ನವಾಗಿ ರಾಜಧಾನಿಯಾಗಿಯೇ ಉಳಿದಿದೆ. ಇದಕ್ಕೆ ಪ್ರತಿಯಾಗಿ, ಒಂದು ಲಕ್ಷ ಮನೆಗಳಿದ್ದುವೆಂದು ಜನರು ಹಾಡಿ ಹೊಗಳಿದ ರಾಜಧಾನಿಯೊಂದು ನಮ್ಮ ನೆರೆಯ ಮಲೆನಾಡಿನಲ್ಲಿತ್ತು. ಇಂದು ಅದೊಂದು ಸಣ್ಣ ಗ್ರಾಮ. ಚನ್ನಗಿರಿಗೆ ಹೆಸರಿತ್ತ ರಾಣಿಯು ಆಳಿದ್ದು ಅಲ್ಲಿಂದಲೇ. ಅದೇ ಕೆಳದಿಯ ಅರಸರ ಕಡೆಯ ರಾಜಧಾನಿಯಾದ ಬಿದನೂರು.

ಊರು ಚಿಕ್ಕದಾದರೂ ರಾಜಧಾನಿಯಾಗಿ ಬಾಳುವುದು, ದೊಡ್ಡದಾದರೂ ಅಳಿದುಹೋಗುವುದು ಯಾವುದರಿಂದ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬಿದನೂರಿನ ನೆಲ, ಚರಿತ್ರೆ ಮತ್ತು ಜನಸಂಖ್ಯೆಗಳನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ವಿಚಾರ

ಬಿದಿರು ಎಂಬ ಪದಕ್ಕೆ ಊರು ಎಂಬುದು ಸೇರಿದಾಗ ಲೋಪಸಂಧಿಯಿಂದ ಬಿದಿರೂರು ಎಂದಾಗುತ್ತದೆ. ಅದೇ ಜನರ ಬಾಯಲ್ಲಿ ಬಿದರೂರು, ಬಿದನೂರು ಎಂದಾಯಿತು. ಮೊದಲಲ್ಲಿ ಇದು ಬಿದಿರಹಳ್ಳಿಯೆಂಬ ಚಿಕ್ಕ ಹಳ್ಳಿಯಾಗಿತ್ತೆಂದು ಐತಿಹ್ಯವಿದೆ. ಸಂಸ್ಕೃತ ಕವಿಗಳು ಬಿದಿರಿಗೆ ಸಮಾನವಾದ ವೇಣು ಶಬ್ದವನ್ನು ಹಿಡಿದು ವೇಣುಪುರವೆಂದು ಕರೆದರು. ಆಂಗ್ಲರ ಬರೆಹಗಳಲ್ಲಿ ಅದು ಬೆಡ್ನೋರ್ ಆಯಿತು. 1763ರಲ್ಲಿ ಊರನ್ನು ಗೆದ್ದ ಹೈದರಾಲಿಯು ತನ್ನ ಹೆಸರನ್ನೇ ಕೊಟ್ಟು ಹೈದರ್ ನಗರವೆಂದನು. ಕಾಲಕ್ರಮದಲ್ಲಿ ಹೈದರ್ ಎಂಬ ವಿಶೇಷಣವು ಜಾರಿಹೋಗಿ ನಗರ ಎಂಬುದು ಮಾತ್ರ ಉಳಿಯಿತು. ಹೀಗಾಗಿ ಜಾತಿವಾಚಕವಾದ ಶಬ್ದವೇ ಅಂಕಿತನಾಮವಾಯಿತು. ನಗರವಾಗಿದ್ದಾಗ ಊರೆಂದು ಕರೆಯಿಸಿಕೊಂಡು, ಹಳ್ಳಿಯಾದ ಮೇಲೆ ನಗರವೆಂಬ ಹೆಸರನ್ನು ಹೊತ್ತುದು ಈ ಸ್ಥಳದ ವಿಧಿವಿಲಾಸ.

ನೆಲದ ಸ್ವರೂಪ

ನಗರವು ಇಂದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ಸಹ್ಯಾದ್ರಿಯ ನೆತ್ತಿಯ ಸಮೀಪದಲ್ಲಿ, ಸುತ್ತಲೂ ಗುಡ್ಡಗಳಿಂದ ಆವೃತವಾದ ತಗ್ಗಿನಲ್ಲಿ ಊರು ನೆಲಸಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಮೇಲುಕಣಿವೆಯ ಪ್ರದೇಶವಿದು. 1,343 ಮೀಟರು ಎತ್ತರದ ಕೊಡಚಾದ್ರಿಯು ಇದಕ್ಕೆ ದೂರವಲ್ಲ. ಸಮೀಪದ ಹುಲಿಕಲ್ಲು ನಾಡಿನಲ್ಲೇ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದು. ಜೇಷ್ಠಮಾಸದಿಂದ ಭಾದ್ರಪದದವರೆಗೆ ಇಲ್ಲಿ ಸೂರ್ಯದರ್ಶನವೇ ಅಪರೂಪ. ಜಗಳೂರಿನ ಕಪ್ಪು ಕೆಂಪು ಹೊಲಗಳಲ್ಲಿ ಆಕಾಶವನ್ನು ನೋಡುತ್ತ ಮಳೆಗಾಗಿ ಕಾಯುವ ರೈತನಿಗೆ, ಮಳೆ ಯಾವಾಗ ನಿಂತೀತೆಂದು ಕಾಯುವ ಈ ನಾಡು ಬೇರೆಯೇ ಲೋಕವಾಗಿ ಕಾಣುವುದು ಸಹಜ.

ಇಂತಹ ದುರ್ಗಮ ಸ್ಥಳವನ್ನು ಅರಸರು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಒಂದನೆಯದು ರಕ್ಷಣೆ. ಕೆಳದಿ ಮತ್ತು ಇಕ್ಕೇರಿಗಳು ಸಾಗರದ ಬಳಿ ತೆರೆದ ಬಯಲಿಗೆ ಹತ್ತಿರವಾಗಿದ್ದುವು. ಬಯಲಿನ ಕುದುರೆಯ ದಂಡಿಗೆ ಅಲ್ಲಿಗೆ ಬರುವುದು ಕಷ್ಟವಾಗಿರಲಿಲ್ಲ. ಬಿದನೂರಿಗಾದರೋ ಕಾಡು, ಕಣಿವೆ, ಮಳೆ ಇವೇ ಕೋಟೆಗಳು. ಎರಡನೆಯದು ವ್ಯಾಪಾರ. ಹುಲಿಕಲ್ಲು, ಹೊಸಂಗಡಿಗಳ ಮೂಲಕ ಇಳಿಯುವ ಘಟ್ಟದ ದಾರಿಯ ತಲೆಯಲ್ಲಿ ಈ ಊರಿದೆ. ಕೆಳಗೆ ಬಸರೂರು, ಗಂಗೊಳ್ಳಿ, ಕುಂದಾಪುರಗಳ ರೇವುಗಳು. ಮೇಲೆ ಶಿವಮೊಗ್ಗ, ಹೊನ್ನಾಳಿ, ಹರಿಹರಗಳ ಬಯಲುಸೀಮೆ. ಮೆಣಸು, ಅಡಕೆ, ಏಲಕ್ಕಿ, ಅಕ್ಕಿಗಳನ್ನು ಹೊತ್ತ ಹೇರೆತ್ತುಗಳು ಒಂದು ಕಡೆಗೆ ಸಾಗಿದರೆ, ಉಪ್ಪು, ತೆಂಗು, ಹೊರದೇಶದ ಸರಕುಗಳು ಇನ್ನೊಂದು ಕಡೆಗೆ ಸಾಗುತ್ತಿದ್ದುವು. ಘಟ್ಟದ ಬಾಗಿಲನ್ನು ಹಿಡಿದವನಿಗೆ ಸುಂಕ ತಪ್ಪುವಂತಿರಲಿಲ್ಲ. ಕೋಟೆಯೂ ಉಕ್ಕಡವೂ ಒಂದೇ ಎಡೆಯಲ್ಲಿ ಒದಗಿದ್ದುದು ಬಿದನೂರಿನ ಭಾಗ್ಯ.

ಚರಿತ್ರೆಯ ರೂಪರೇಖೆ

ಕೆಳದಿಯ ಸಂಸ್ಥಾನವು ಕ್ರಿ.ಶ. 1500ರ ಸುಮಾರಿಗೆ ಚೌಡಪ್ಪ, ಭದ್ರಪ್ಪರೆಂಬ ಸೋದರರಿಂದ ವಿಜಯನಗರದ ಆಶ್ರಯದಲ್ಲಿ ಸ್ಥಾಪಿತವಾಯಿತು. ವೀರಶೈವಧರ್ಮವನ್ನು ಅವಲಂಬಿಸಿದ ಈ ಮನೆತನವು ಮೊದಲು ಕೆಳದಿಯಲ್ಲೂ ಅನಂತರ ಇಕ್ಕೇರಿಯಲ್ಲೂ ನೆಲಸಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯವು ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿ. ವೆಂಕಟಪ್ಪನಾಯಕನ ಆಳಿಕೆಯಲ್ಲಿ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಗೆ ಬಂದು ತಾನು ಕಂಡುದನ್ನು ಪತ್ರಗಳಲ್ಲಿ ಬರೆದಿಟ್ಟನು.

ವೀರಭದ್ರನಾಯಕನ ಕಾಲದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯ ಮೇಲೆ ಬಿದ್ದನು. ಇದೇ ಬಿಜಾಪುರದ ದಂಡು ನಮ್ಮ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ, ಸಂತೆಬೆನ್ನೂರುಗಳ ನಾಯಕರ ರಾಜ್ಯವನ್ನೂ ಅಳಿಸಿತು. ಹನುಮಪ್ಪನಾಯಕನ ಹೆಸರಿನೊಡನೆ ಸೇರಿರುವ ಸಂತೆಬೆನ್ನೂರಿನ ಪುಷ್ಕರಣಿ ಮತ್ತು ಅದರ ನಡುವಣ ಮಂಟಪ, ದಡದಲ್ಲಿರುವ ರಣದುಲ್ಲಾಖಾನನ ಕಾಲದ್ದೆನ್ನುವ ಕಟ್ಟಡ, ಇವೆರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಕಾಲದ ಕಥೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಬಯಲಿನ ನಾಯಕರು ಓಡಲು ಎಡೆಯಿಲ್ಲದೆ ತರೀಕೆರೆಯ ಕಡೆಗೆ ಸರಿದರು. ಕೆಳದಿಯವರಿಗೆ ಬೆನ್ನ ಹಿಂದೆ ಮಲೆನಾಡಿತ್ತು. 1639-40ರ ಸುಮಾರಿಗೆ ಅವರು ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡರು. ಒಂದೇ ಬಿರುಗಾಳಿಗೆ ಸಿಕ್ಕಿದ ಎರಡು ಮನೆತನಗಳಲ್ಲಿ ಒಂದು ಕುಂದಿ ಇನ್ನೊಂದು ಬೆಳೆದುದಕ್ಕೆ ಭೂಗೋಳವೇ ಮುಖ್ಯ ಕಾರಣ.

1645ರಲ್ಲಿ ಪಟ್ಟಕ್ಕೆ ಬಂದ ಶಿವಪ್ಪನಾಯಕನು 1660ರವರೆಗೆ ಆಳಿ ಊರನ್ನು ನಿಜವಾದ ರಾಜಧಾನಿಯಾಗಿ ರೂಪಿಸಿದನು. ಅರಮನೆ, ಕೋಟೆ, ಪೇಟೆ, ಕೆರೆಕಟ್ಟೆಗಳನ್ನು ಕಟ್ಟಿಸಿ, ಹೊರನಾಡುಗಳಿಂದ ವರ್ತಕರನ್ನೂ ಕುಶಲಕರ್ಮಿಗಳನ್ನೂ ಬರಮಾಡಿಕೊಂಡನು. ಕರಾವಳಿಯ ಪೋರ್ಚುಗೀಸರ ಕೋಟೆಗಳನ್ನು 1652-54ರ ಅವಧಿಯಲ್ಲಿ ಗೆದ್ದುಕೊಂಡು ರೇವುಗಳನ್ನು ವಶಪಡಿಸಿಕೊಂಡನು. ಅವನ ಮಗ ಸೋಮಶೇಖರನಾಯಕನ ಮರಣಾನಂತರ ರಾಣಿ ಚೆನ್ನಮ್ಮಾಜಿಯು ಸುಮಾರು ಇಪ್ಪತ್ತೈದು ವರ್ಷಕಾಲ ರಾಜ್ಯಭಾರ ಮಾಡಿದಳು. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಪುತ್ರ ರಾಜಾರಾಮನಿಗೆ ಆಕೆ ಆಶ್ರಯವಿತ್ತು, ಜಿಂಜಿಯ ಕಡೆಗೆ ಸಾಗಲು ನೆರವಾದಳು. ಔರಂಗಜೇಬನ ದಂಡು ಬೆನ್ನಟ್ಟಿ ಬಂದರೂ ಆಕೆ ಅಳುಕಲಿಲ್ಲ. ಮರೆಹೊಕ್ಕವರನ್ನು ಕಾಯುವುದು ಶರಣಧರ್ಮವೆಂಬುದನ್ನು ಸಿಂಹಾಸನದ ಮೇಲಿದ್ದು ನಡೆದು ತೋರಿದ ಈ ಮಹಿಳೆಯ ಹೆಸರೇ ಚನ್ನಗಿರಿಗೆ ಬಂದಿದೆಯೆಂಬ ಪ್ರತೀತಿ ನಮ್ಮ ಸೀಮೆಯಲ್ಲಿ ಮನೆಮಾತಾಗಿದೆ.

ಆಕೆಯ ದತ್ತುಪುತ್ರ ಬಸವಪ್ಪನಾಯಕನು ಕತ್ತಿಗಿಂತ ಲೇಖನಿಯಿಂದ ಹೆಸರಾದವನು. 1709ರಲ್ಲಿ ಅವನು ರಚಿಸಿದ ಶಿವತತ್ತ್ವರತ್ನಾಕರವು ಸಂಸ್ಕೃತದ ಒಂದು ವಿಶ್ವಕೋಶ. ಒಂಬತ್ತು ಕಲ್ಲೋಲಗಳ, ನೂರೆಂಟು ತರಂಗಗಳ ಆ ಗ್ರಂಥದಲ್ಲಿ ರಾಜನೀತಿ, ಸಂಗೀತ, ಪಾಕಶಾಸ್ತ್ರ, ವೈದ್ಯ, ಯೋಗ ಮೊದಲಾದ ವಿಷಯಗಳ ಜೊತೆಗೆ ಕೆಳದಿಯ ಅರಸರ ಚರಿತ್ರೆಯೂ ಅಡಕವಾಗಿದೆ. ಮುಂದೆ ಲಿಂಗಣ್ಣಕವಿಯು ಕನ್ನಡದಲ್ಲಿ ಕೆಳದಿನೃಪವಿಜಯವೆಂಬ ಚಂಪೂಕಾವ್ಯವನ್ನು ರಚಿಸಿದನು. ವೀರಶೈವ ಮಠಗಳಿಗೆ ಉದಾರವಾಗಿ ಭೂಮಿಕಾಣಿಗಳನ್ನು ಬಿಟ್ಟ ಈ ಅರಸರು ಶೃಂಗೇರಿ, ಕೊಲ್ಲೂರುಗಳಿಗೂ ದತ್ತಿಗಳನ್ನಿತ್ತರು. ಸ್ವಮತದಲ್ಲಿ ನಿಷ್ಠೆ, ಪರಮತದಲ್ಲಿ ಆದರ ಎಂಬುದು ಬಿದನೂರಿನ ರಾಜನೀತಿಯಾಗಿತ್ತು.

ಶಿವಪ್ಪನಾಯಕನ ಶಿಸ್ತು

ಬಿದನೂರಿನ ಸಂಪತ್ತಿಗೆ ಮೂಲವಾದುದು ಕಂದಾಯದ ವ್ಯವಸ್ಥೆ. ಇಂದು ನಮ್ಮ ಮಕ್ಕಳಿಗೆ ಶಿಸ್ತು ಎಂದರೆ ಸಾಲಾಗಿ ನಿಲ್ಲುವುದು, ಸದ್ದಿಲ್ಲದೆ ಕೂರುವುದು. ಮಲೆನಾಡಿನ ಹಳೆಯ ಕಡತಗಳಲ್ಲಾದರೋ ಶಿಸ್ತು ಎಂದರೆ ಭೂಮಿಗೆ ಗೊತ್ತುಮಾಡಿದ ಕಂದಾಯ. ಶಿವಪ್ಪನಾಯಕನು ಊರೂರಿನಲ್ಲಿ ಒಂದೊಂದು ಬಗೆಯ ಭೂಮಿಯನ್ನು ತನ್ನ ಖರ್ಚಿನಿಂದಲೇ ಅನೇಕ ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನು ಲೆಕ್ಕವಿಡಿಸಿದನು. ಫಲವತ್ತತೆ ಮತ್ತು ನೀರಿನ ಅನುಕೂಲವನ್ನು ನೋಡಿ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಬಿತ್ತನೆಯ ಖಂಡುಗದ ಲೆಕ್ಕದ ಮೇಲೆ ಉತ್ಪತ್ತಿಯ ಮೂರನೆಯ ಒಂದು ಭಾಗವನ್ನು ಅರಮನೆಗೆ ನಿಗದಿಮಾಡಿದನು. ಒಂದು ವರ್ಷದ ಬೆಳೆಯನ್ನು ನೋಡಿ ತೆರಿಗೆ ಹೇರದೆ, ಹಲವು ವರ್ಷಗಳ ಸರಾಸರಿಯನ್ನು ತೆಗೆದುದು ಇದರ ವೈಶಿಷ್ಟ್ಯ.

ಅಡಕೆ ತೋಟಗಳ ಅಳತೆಯು ಇನ್ನೂ ಸ್ವಾರಸ್ಯವಾದುದು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೆಟ್ಟಿಲುಕಲ್ಲಿನ ಉದ್ದವನ್ನೇ ಅಳತೆಗೋಲಾಗಿ ಇರಿಸಿದನು. ಅದು ಇಂದಿನ ಲೆಕ್ಕದಲ್ಲಿ ಸುಮಾರು ಹದಿನೆಂಟೂವರೆ ಅಡಿ. ಆ ಕೋಲಿನಷ್ಟು ಎಡೆಗೆ ದಾಯವೆಂದು ಹೆಸರು. ಅಳತೆಗೋಲು ಮರದ್ದಾಗಿದ್ದರೆ ಶಾನುಭೋಗನು ಅದನ್ನು ತುಂಡರಿಸಬಹುದು, ಕಾಲಾನಂತರ ಸವೆಯಲೂಬಹುದು. ದೇವರ ಸನ್ನಿಧಿಯ ಕಲ್ಲನ್ನು ಮೊಟಕುಮಾಡುವವರು ಯಾರು? ಸಂದೇಹ ಬಂದ ರೈತನು ತಾನೇ ಹೋಗಿ ಅಳೆದು ನೋಡಬಹುದಾಗಿತ್ತು. ಇಂದು ಚನ್ನಗಿರಿಯ ಸೀಮೆಯುದ್ದಕ್ಕೂ ಅಡಕೆಯ ತೋಟಗಳೇ ಕಾಣುತ್ತವೆ. ತಮ್ಮ ತೋಟದ ಸಾಲುಗಳ ನಡುವಣ ಅಂತರವನ್ನು ಅಳೆಯುವಾಗ ನಮ್ಮ ರೈತಬಂಧುಗಳು ಈ ಕಲ್ಲಿನ ಕೋಲನ್ನು ಒಮ್ಮೆ ನೆನೆಯಬಹುದು.

ಜನಸಂಖ್ಯೆಯ ಪ್ರಶ್ನೆ

ಊರಿನಲ್ಲಿ ಒಂದು ಲಕ್ಷ ಮನೆಗಳಾದರೆ ಅದಕ್ಕೆ ನಗರವೆಂಬ ಹೆಸರು ಸಲ್ಲುವುದೆಂದೂ, ಬಿದನೂರು ಆ ಸಂಖ್ಯೆಯ ಸಮೀಪಕ್ಕೆ ಬಂದಿತ್ತೆಂದೂ ಒಂದು ಪ್ರತೀತಿಯುಂಟು. ಹಿರಿಯರ ಮಾತನ್ನು ಗೌರವದಿಂದಲೇ ಪರೀಕ್ಷಿಸಬೇಕು. ಮನೆಗೆ ಐವರಂತೆ ಲೆಕ್ಕವಿಟ್ಟರೆ ಒಂದು ಲಕ್ಷ ಮನೆಗಳೆಂದರೆ ಐದು ಲಕ್ಷ ಜನ. ಕ್ರಿ.ಶ. 1700ರಲ್ಲಿ ಲಂಡನ್ ಮಹಾನಗರದ ಜನಸಂಖ್ಯೆಯೇ ಸುಮಾರು ಅಷ್ಟು. ಊರಿನ ಸುತ್ತಳತೆ ಎಂಟು ಮೈಲಿಯಾಗಿತ್ತೆಂದು ಗ್ಯಾಸೆಟಿಯರುಗಳು ಹೇಳುತ್ತವೆ. ವರ್ತುಲಾಕಾರವೆಂದೇ ಇಟ್ಟುಕೊಂಡರೂ ಒಳಗಿನ ವಿಸ್ತೀರ್ಣವು ಐದು ಚದರ ಮೈಲಿಗೆ ತುಸು ಹೆಚ್ಚು. ಗುಡ್ಡ, ಕೆರೆ, ತೋಟಗಳನ್ನು ಒಳಗೊಂಡ ಅಷ್ಟು ಎಡೆಯಲ್ಲಿ, ಮಹಡಿಗಳಿಲ್ಲದ ಮಲೆನಾಡಿನ ಮನೆಗಳು ಒಂದು ಲಕ್ಷ ಹಿಡಿಯಲಾರವು.

ಅನ್ನದ ಲೆಕ್ಕವನ್ನೂ ಹಾಕಿ ನೋಡೋಣ. ತಲೆಗೆ ದಿನಕ್ಕೆ ಅರ್ಧ ಸೇರು ಅಕ್ಕಿಯೆಂದರೆ ಐದು ಲಕ್ಷ ಜನಕ್ಕೆ ಎರಡೂವರೆ ಲಕ್ಷ ಸೇರು ಬೇಕು. ಒಂದು ಹೇರೆತ್ತು ನೂರು ಸೇರು ಹೊರುವುದೆಂದು ಭಾವಿಸಿದರೆ ದಿನವೂ ಎರಡು ಸಾವಿರದ ಐನೂರು ಎತ್ತುಗಳು ಊರನ್ನು ಸೇರಬೇಕು. ದಾರಿಗಳೆಲ್ಲ ಕೆಸರಾಗಿ ಹೊಳೆಗಳು ಉಕ್ಕುವ ಮಳೆಗಾಲದಲ್ಲಿ ಇದು ಸಾಧ್ಯವಾಗದ ಮಾತು.

ಟೀಪುಸುಲ್ತಾನನ ಪತನಾನಂತರ, 1801ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಸ್ಥಳೀಯರನ್ನು ವಿಚಾರಿಸಿ ಬರೆದಿರುವಂತೆ, ಅರಸರ ಕಾಲದಲ್ಲಿ ಊರಿನಲ್ಲಿ ಗುಡಿಸಲುಗಳನ್ನು ಬಿಟ್ಟು ಇಪ್ಪತ್ತು ಸಾವಿರ ಮನೆಗಳಿದ್ದುವು. ಇದರಂತೆ ಜನಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಲಕ್ಷ ಮನೆ ಎಂಬುದು ಒಂದು ಲಕ್ಷ ಜನ ಎಂಬುದರಿಂದ ಹುಟ್ಟಿದ ಮಾತೂ ಆಗಿರಬಹುದು. ಈ ಸಣ್ಣ ಸಂಖ್ಯೆಯಿಂದ ಬಿದನೂರಿನ ಕೀರ್ತಿಗೆ ಕುಂದಿಲ್ಲ. ಘಟ್ಟದ ನೆತ್ತಿಯ ಕಾಡಿನಲ್ಲಿ ಒಂದು ಲಕ್ಷ ಜನಕ್ಕೆ ಅನ್ನ, ನೀರು, ಉದ್ಯೋಗಗಳನ್ನು ಒದಗಿಸಿದುದೇ ದೊಡ್ಡ ಸಾಧನೆ. ಅತಿಶಯೋಕ್ತಿಯು ಕಾವ್ಯಕ್ಕೆ ಅಲಂಕಾರ, ಚರಿತ್ರೆಗೆ ಭಾರ.

ಪತನ

ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಉತ್ತರಾಧಿಕಾರದ ಕಲಹಗಳಿಂದ ಸಂಸ್ಥಾನವು ಸಡಿಲವಾಯಿತು. 1757ರಿಂದ ರಾಣಿ ವೀರಮ್ಮಾಜಿಯು ದತ್ತುಪುತ್ರನ ಹೆಸರಿನಲ್ಲಿ ಆಳುತ್ತಿದ್ದಾಗ, ತಾನೇ ನಿಜವಾದ ವಾರಸುದಾರನೆಂದು ಹೇಳಿಕೊಂಡವನೊಬ್ಬನು ಹೈದರಾಲಿಯನ್ನು ಮೊರೆಹೊಕ್ಕನು. ಅದನ್ನೇ ನೆವವಾಗಿಸಿಕೊಂಡು ಹೈದರನು ದಂಡೆತ್ತಿ ಬಂದನು. ಸಂಸ್ಥಾನದ ಹಿಂದಿನ ಮಂತ್ರಿಯೊಬ್ಬನೇ ಕಾಡಿನ ಗುಪ್ತಮಾರ್ಗವನ್ನು ತೋರಿಸಿದನೆಂದು ಹೇಳುತ್ತಾರೆ. 1763ರಲ್ಲಿ ರಾಜಧಾನಿ ಬಿದ್ದಿತು. ರಾಣಿಯು ಬಲ್ಲಾಳರಾಯನದುರ್ಗಕ್ಕೆ ಹೋದರೂ ಸೆರೆಸಿಕ್ಕಿ ಮಧುಗಿರಿಯಲ್ಲಿ ಬಂಧನದಲ್ಲಿರಬೇಕಾಯಿತು. ಹೈದರನಿಗೆ ದೊರೆತ ಸಂಪತ್ತು ಅಪಾರ. ತನ್ನ ಮುಂದಿನ ಏಳಿಗೆಗೆಲ್ಲ ಬಿದನೂರೇ ತಳಹದಿಯೆಂದು ಅವನೇ ಭಾವಿಸಿದ್ದನೆಂಬ ಮಾತಿದೆ. ಅವನ ಹೆಸರಿನ ಬಹದ್ದೂರಿ ಹೊನ್ನು ಮೊದಲು ಟಂಕಿತವಾದುದು ಇಲ್ಲಿಯೇ. ಶಿವಪಾರ್ವತಿಯರ ಹಳೆಯ ಮುದ್ರೆಯನ್ನು ಅವನು ಅದರ ಮೇಲೆ ಉಳಿಸಿಕೊಂಡನು.

1783ರಲ್ಲಿ ಆಂಗ್ಲ ಸೇನಾನಿ ಮ್ಯಾಥ್ಯೂಸನು ಊರನ್ನು ಹಿಡಿದನು. ಅದೇ ವರ್ಷ ಟೀಪುವು ಮುತ್ತಿಗೆ ಹಾಕಿ ಮರಳಿ ಪಡೆದನು. ಈ ಕದನಗಳಲ್ಲಿ ಪೇಟೆ, ಅರಮನೆಗಳು ನಾಶವಾದುವು. ಬುಕನನ್ ಬಂದಾಗ ಉಳಿದಿದ್ದ ಮನೆಗಳು ಒಂದೆರಡು ಸಾವಿರವನ್ನು ಮೀರಿರಲಿಲ್ಲ. ಮುಂದೆ ತಾಲ್ಲೂಕಿನ ಕಛೇರಿಯೂ ಕಲ್ಲೂರುಕಟ್ಟೆಗೆ ಹೋಗಿ, ಆ ಊರೇ ಹೊಸನಗರವಾಯಿತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯ ಮತ್ತು ಅನಂತರದ ವಿದ್ಯುದ್ಯೋಜನೆಗಳು ಈ ಕಣಿವೆಯ ಅನೇಕ ಗ್ರಾಮಗಳನ್ನು ನೀರಿನಲ್ಲಿ ಅಡಗಿಸಿದುವು. ನಾಡಿಗೆಲ್ಲ ಬೆಳಕು ಕೊಟ್ಟ ಜನರೇ ಊರುಬಿಟ್ಟು ಚದುರಬೇಕಾಯಿತು.

ನಮ್ಮ ಸೀಮೆಗೂ ನಗರಕ್ಕೂ ಇರುವ ನಂಟು

ಅರಸೊತ್ತಿಗೆ ಅಳಿದ ಮೇಲೂ ನಗರವೆಂಬ ಹೆಸರು ನಮ್ಮ ಸೀಮೆಯನ್ನು ಬಿಡಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಗುತ್ತಿಗೆಯ ಪದ್ಧತಿಯಿಂದ ರೈತರು ನೊಂದಿದ್ದಾಗ, 1830ರಲ್ಲಿ ಬಸವಾಪಟ್ಟಣದಲ್ಲಿ ಅವರ ಕೂಟಗಳು ಸೇರಿದುವು. ಇದೇ ಚರಿತ್ರೆಯಲ್ಲಿ ನಗರದ ದಂಗೆಯೆಂದು ಪ್ರಸಿದ್ಧವಾದುದು. ಬೂದಿ ಬಸವಪ್ಪನೆಂಬವನು ತಾನು ಬಿದನೂರಿನ ವಂಶದವನೆಂದು ಸಾರಿ ನಾಯಕತ್ವ ವಹಿಸಿದನು. ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ಹೊನ್ನಾಳಿಯಲ್ಲಿ ಕಾಳಗ ನಡೆಯಿತು. ಬಿದನೂರು ಬಿದ್ದು ಅರುವತ್ತೇಳು ವರ್ಷಗಳಾದ ಮೇಲೂ ಅದರ ಹೆಸರು ಕೇಳಿ ಜನರು ಒಂದಾದರೆಂದರೆ, ಶಿಸ್ತಿನ ನೆನಪು ಅವರ ಮನಸ್ಸಿನಲ್ಲಿ ಉಳಿದಿತ್ತೆಂದೇ ತಿಳಿಯಬೇಕು. ಈ ದಂಗೆಯ ನಿಮಿತ್ತದಿಂದಲೇ 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರ ಕೈಸೇರಿ, 1881ರವರೆಗೆ ಅಲ್ಲಿಯೇ ಇದ್ದಿತು.

1863ರ ಪುನರ್ವಿಂಗಡಣೆಯಲ್ಲಿ ಶಿವಮೊಗ್ಗ, ಕಡೂರು, ಚಿತ್ರದುರ್ಗ ಜಿಲ್ಲೆಗಳನ್ನು ಕೂಡಿಸಿ ನಗರ ವಿಭಾಗವೆಂದು ಹೆಸರಿಟ್ಟರು. ಶಿವಮೊಗ್ಗದ ಭಾಗವಾಗಿದ್ದ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳೂ ಚಿತ್ರದುರ್ಗದ ಭಾಗವಾಗಿದ್ದ ಜಗಳೂರೂ ಹೀಗೆ ಒಂದೇ ನಗರದ ಹೆಸರಿನಡಿಯಲ್ಲಿ ಕೂಡಿದ್ದುವು. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಇವು ಮತ್ತೆ ಒಂದೇ ಜಿಲ್ಲೆಗೆ ಸೇರಿದುವು. ಈ ನಂಟು ಹೊಸದಲ್ಲ, ಹಳೆಯದೇ ಮರಳಿ ಬಂದುದು.

ಉಪಸಂಹಾರ

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಾಂಟ್‌ಪೀಲಿಯರ್ ಉಳಿದುದು ಜನಬಲದಿಂದಲ್ಲ, ಪ್ರಜೆಗಳು ಒಪ್ಪಿ ನಡೆಸಿಕೊಂಡು ಬಂದ ಕಾನೂನಿನ ಬಲದಿಂದ. ಬಿದನೂರಿಗೆ ಕೋಟೆಯಿತ್ತು, ಕಾಡಿತ್ತು, ಬೊಕ್ಕಸವಿತ್ತು. ಆದರೆ ಎಲ್ಲವೂ ಒಂದು ಮನೆತನದ ಐಕ್ಯವನ್ನೇ ನೆಚ್ಚಿದ್ದುವು. ಒಳಗಿನ ಬಿರುಕು ಹೊರಗಿನವನಿಗೆ ದಾರಿ ತೋರಿಸಿತು. ಕಾಡು ಹಗೆಯನ್ನು ತಡೆಯಬಲ್ಲುದು, ಮನೆಯ ಭೇದವನ್ನು ತಡೆಯಲಾರದು.

ಆದರೂ ಬಿದನೂರಿನದೆಲ್ಲವೂ ಅಳಿಯಲಿಲ್ಲ. ಅರಮನೆ ಸುಟ್ಟಿತು, ಶಿವತತ್ತ್ವರತ್ನಾಕರ ಸುಡಲಿಲ್ಲ. ಖಜಾನೆ ಲೂಟಿಯಾಯಿತು, ಶಿವಪ್ಪನಾಯಕನ ಶಿಸ್ತು ಜನರ ನಾಲಗೆಯಲ್ಲಿ ಉಳಿಯಿತು. ಮಠಗಳಿಗೂ ವಿದ್ಯೆಗೂ ಕೊಟ್ಟ ದಾನವು ಕೊಟ್ಟವರಿಗಿಂತ ಹೆಚ್ಚುಕಾಲ ಬಾಳಿತು. ಶ್ರೀಮಠದ ಆಶ್ರಯದಲ್ಲಿ ನಡೆಯುವ ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಕೈನೀಡುವ ದಾನಿಗಳು ಇದನ್ನು ಮನಗಾಣಬೇಕು.

ನಗರದ ಕೋಟೆಯೂ ದೇವಗಂಗೆಯ ಕೊಳಗಳೂ ಕೊಪ್ಪಲು ಮಠದ ಸಮಾಧಿಗಳೂ ಇನ್ನೂ ಉಳಿದಿವೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಓಲೆಗರಿ, ಕಡತಗಳಿವೆ. ಸಂತೆಬೆನ್ನೂರಿನ ಪುಷ್ಕರಣಿಯಂತೂ ನಮ್ಮ ಮನೆಯ ಬಾಗಿಲಲ್ಲೇ ಇದೆ. ಉಪಾಧ್ಯಾಯ ಬಂಧುಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಈ ಸ್ಥಳಗಳಿಗೆ ಕರೆದೊಯ್ದು, ಕಂಡುದನ್ನು ಅಳೆಯಿಸಿ ಬರೆಯಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದ ಮೇಲಿರುವ ಕಡತ, ಸನ್ನದು, ತಾಮ್ರಪಟಗಳನ್ನು ಗೆದ್ದಲಿಗೆ ಒಪ್ಪಿಸದೆ ಬಲ್ಲವರಿಗೆ ತೋರಿಸಲಿ. ಪರದೇಶದ ರಾಜಧಾನಿಗಳನ್ನು ಬಲ್ಲ ಮಗುವು ತನ್ನ ನಾಡಿನ ರಾಜಧಾನಿಯನ್ನೂ ಬಲ್ಲುದಾದರೆ ಆ ವಿದ್ಯೆಗೆ ಬೇರೂ ದೊರೆತೀತು, ಕೊಂಬೆಯೂ ದೊರೆತೀತು.